ಟೇಕಾಫ್ ಅರ್ಧದಲ್ಲೇ ನಿಂತರೆ ಏನು ಮಾಡಬೇಕು?

ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದರೆ ಕಣ್ಣೂರು ಏರ್‌ಪೋರ್ಟ್. 2018ರ ಡಿಸೆಂಬರ್‌ನಲ್ಲಿ ಅದು ಶುರುವಾದ ಮೇಲೆ ಗಲ್ಫ್‌ನಲ್ಲಿರುವ ಮಕ್ಕಳ ಹತ್ತಿರ ಹೋಗುವುದು ನಮ್ಮ ಕಡೆಯವರಿಗೆ ಸುಲಭವಾಗಿದೆ. ನಾನು ಕ್ಯಾಬಿನ್ ಸಿಬ್ಬಂದಿಯಾಗಿದ್ದವಳು. ಮೊದಲ ಸಲ ಹೊರಟವರು ಮನೆಗೆ ಬಂದು ಕೇಳಿದಾಗ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಪ್ರತಿ ಟೇಕಾಫ್‌ಗೂ ವಿ-ಒನ್ ಅಂತ ಒಂದು ವೇಗ ಲೆಕ್ಕ ಹಾಕಿರುತ್ತಾರೆ. ಅದಕ್ಕಿಂತ ಮೊದಲು ಎಂಜಿನ್ ಕೈಕೊಟ್ಟರೆ ಪೈಲಟ್ ವಿಮಾನ ನಿಲ್ಲಿಸುತ್ತಾರೆ. ದಾಟಿದ ಮೇಲಾದರೆ ಹಾರಿಸಿಯೇ ವಾಪಸ್ ತರುತ್ತಾರೆ. ನಿಲ್ಲಿಸುವಾಗ ಮೈ ಬೆಲ್ಟಿಗೆ ಒತ್ತುತ್ತದೆ, ಎಂಜಿನ್ ಅಬ್ಬರಿಸುತ್ತದೆ. ಬ್ರೇಕ್ ಕಾದು ಹೊಗೆ ಬರಬಹುದು, ಟೈರಿನ ಗಾಳಿ ಇಳಿಯಬಹುದು. ಟೈರ್ ಸಿಡಿಯಬಾರದು ಅಂತಲೇ ಹೀಗೆ ಗಾಳಿ ಇಳಿಯುವ ಏರ್ಪಾಡು ಇರುವುದು.

ನಿಂತ ಕೂಡಲೇ ಏಳಬೇಡಿ. ಬಹಳ ಸಲ ಓಡಿ ಇಳಿಯುವ ಅಗತ್ಯವೇ ಬರುವುದಿಲ್ಲ. ಎಂಜಿನ್ ಇನ್ನೂ ತಿರುಗುತ್ತಿರುವಾಗ ಹೊರಗೆ ಹಾರುವುದು ಬಹಳ ಅಪಾಯ. 'ಇವ್ಯಾಕ್ಯುಯೇಟ್', ಅಂದರೆ ವಿಮಾನ ಬಿಟ್ಟು ಹೊರಡಿ, ಅಂತ ಸಿಬ್ಬಂದಿ ಕೂಗಿದರೆ ಮಾತ್ರ ಒಂದು ಕ್ಷಣವೂ ಕಾಯಬೇಡಿ.

ಗಾಬರಿಯಲ್ಲಿ ಕೈ ಕಾರಿನ ಬೆಲ್ಟಿನ ಗುಂಡಿ ಹುಡುಕುತ್ತದೆ. ವಿಮಾನದ್ದರಲ್ಲಿ ಮುಚ್ಚಳ ಎತ್ತಬೇಕು. ಸೀಟಿನಲ್ಲಿ ಕೂತ ಕೂಡಲೇ ಹಾಕಿ ಬಿಚ್ಚಿ ನೋಡಿ. ಹಿಂದೆ, ಮುಂದೆ ಬಾಗಿಲಿಗೆ ಎಷ್ಟು ಸಾಲು ಅಂತ ಎಣಿಸಿ. ಹೊಗೆ ತುಂಬಿದರೆ ಕಣ್ಣು ಕಾಣುವುದಿಲ್ಲ, ಸೀಟು ಮುಟ್ಟಿ ಎಣಿಸುತ್ತಾ, ಬಗ್ಗಿಕೊಂಡು ಹೋಗಬೇಕು. 1985ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಹೀಗೇ ಟೇಕಾಫ್ ನಿಲ್ಲಿಸಿದ ವಿಮಾನಕ್ಕೆ ಬೆಂಕಿ ಹತ್ತಿ 55 ಜನ ಸತ್ತರು. ಹೆಚ್ಚಿನವರ ಜೀವ ತೆಗೆದದ್ದು ಹೊಗೆ.

ಇನ್ನು ಬ್ಯಾಗ್. ಮಗಳಿಗೆ ಅಂತ ಕಾಫಿ ಪುಡಿ, ಏಲಕ್ಕಿ, ಚಿನ್ನದ ಜೋಮಾಲೆ ಎಲ್ಲ ಅದರಲ್ಲೇ ಇರುತ್ತದೆ, ನನಗೆ ಗೊತ್ತು. ಆದರೂ ಬಿಡಿ. ಅರ್ಧ ಬಾಗಿಲು ಮುಚ್ಚಿದ್ದರೂ 90 ಸೆಕೆಂಡಿನಲ್ಲಿ ಎಲ್ಲರೂ ಹೊರಬರುವಂತಿರಬೇಕು ಅನ್ನುವುದು ವಿಮಾನಕ್ಕೆ ಇಡುವ ಪರೀಕ್ಷೆ. ಆ ಲೆಕ್ಕದಲ್ಲಿ ಬ್ಯಾಗ್ ತೆಗೆಯುವ ಸಮಯ ಇಲ್ಲ. ನೀವು ಕೈ ಮೇಲೆತ್ತಿ ನಿಂತರೆ ಹಿಂದಿನ ಅಷ್ಟೂ ಸಾಲು ನಿಲ್ಲುತ್ತದೆ. 2016ರಲ್ಲಿ ತಿರುವನಂತಪುರದಿಂದ ಹೋದ ವಿಮಾನ ದುಬೈನಲ್ಲಿ ನೆಲಕ್ಕೆ ಬಡಿದಾಗ ಒಳಗೆ ಜನ ಬ್ಯಾಗ್ ಎಳೆಯುತ್ತಿದ್ದರು. ಒಳಗಿದ್ದ 300 ಜನರೂ ಬದುಕಿದರು, ಆದರೆ ಆ ದೃಶ್ಯ ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಪಾಸ್‌ಪೋರ್ಟ್, ಫೋನ್, ಮಾತ್ರೆ ಮೊದಲೇ ಮೈಮೇಲಿನ ಜೇಬಿಗೆ ಹಾಕಿಕೊಳ್ಳಿ.

ಹೀಲ್ಸ್ ಬಿಚ್ಚಿಬಿಡಿ. ಸೀರೆಯಾದರೆ ನಡೆಯುತ್ತಲೇ ಎತ್ತಿ ಸೊಂಟಕ್ಕೆ ಸಿಕ್ಕಿಸಿ. ಬಾಗಿಲಿನಿಂದ ನೆಲಕ್ಕೆ ಇಳಿಯಲು ಬಿಚ್ಚಿಕೊಳ್ಳುವ ಜಾರುಬಂಡಿಯ ಮೇಲೆ ಕೂರಲು ಹೋಗಬೇಡಿ, ಕೈ ಎದೆಗೆ ಕಟ್ಟಿ ಹಾರಿ. ಪುಟ್ಟ ಮಗುವನ್ನು ಎದೆಗೆ ಅವುಚಿಕೊಳ್ಳಿ. ಇಳಿದ ಮೇಲೆ ಗಾಳಿ ಬರುವ ದಿಕ್ಕಿಗೆ, ವಿಮಾನದಿಂದ ದೂರ ನಡೆಯಿರಿ. ಬೆಂಕಿ ನಂದಿಸುವ ಗಾಡಿಗಳಿಗೆ ದಾರಿ ಬಿಡಿ, ಏನನ್ನು ಮರೆತಿದ್ದರೂ ವಾಪಸ್ ಹೋಗಬೇಡಿ.