ಅತಿ ತಣ್ಣನೆಯ ಫರ್ಮಿ ಅನಿಲದಲ್ಲಿ ಅಪರೂಪದ ಕ್ವಾಂಟಂ ಸ್ಥಿತಿಯನ್ನು ಗುರುತಿಸುವುದು ಹೇಗೆ?

ಮಡಿಕೇರಿ, ವಿರಾಜಪೇಟೆ ಕಡೆ ಬಿಎಸ್ಸಿ ಫಿಸಿಕ್ಸ್ ಓದುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಆ ಸ್ಥಿತಿಯ ಹೆಸರು ಎಫ್‌ಎಫ್‌ಎಲ್‌ಒ, ಅದೇನೆಂದು ಮುಂದೆ ಹೇಳುತ್ತೇನೆ. ನಮ್ಮೂರಿನ ಡಿಸೆಂಬರ್ ಚಳಿ ಈ ಕೆಲಸಕ್ಕೆ ಏನೇನೂ ಸಾಲದು. ಪರಮ ಶೂನ್ಯ ಅಂದರೆ ಮೈನಸ್ 273.15 ಡಿಗ್ರಿ ಸೆಲ್ಸಿಯಸ್. ಅದಕ್ಕಿಂತ ಒಂದು ಡಿಗ್ರಿಯ ಕೋಟಿಯಲ್ಲೊಂದು ಪಾಲಿನಷ್ಟೇ ಮೇಲೆ ಅನಿಲವನ್ನು ಇಡಬೇಕು.

ಮೊದಲು ಪರಮಾಣು ಆರಿಸಿ. ಲಿಥಿಯಂ-6 ಆಗಬಹುದು, ಪೊಟ್ಯಾಸಿಯಂ-40 ಆಗಬಹುದು, ಎರಡೂ ಫರ್ಮಿಯಾನ್‌ಗಳೇ, ಅಂದರೆ ಒಂದೇ ಕ್ವಾಂಟಂ ಸ್ಥಿತಿಯಲ್ಲಿ ಎರಡು ಒಟ್ಟಿಗೆ ಇರಲಾರದ ಕಣಗಳು. ವ್ಯಾಕ್ಯೂಮ್ ಚೇಂಬರ್‌ನಲ್ಲಿ ಲೇಸರ್ ಬಿಟ್ಟು ತಣಿಸಿ, ಆಮೇಲೆ ಜಾಸ್ತಿ ಬಿಸಿ ಇರುವ ಪರಮಾಣುಗಳನ್ನು ಹೊರಗೆ ಹೋಗಲು ಬಿಡಿ. ಇಲ್ಲೊಂದು ತೊಡಕಿದೆ. ಒಂದೇ ಸ್ಪಿನ್ (ಪರಮಾಣುವಿನ ಒಂದು ಕ್ವಾಂಟಂ ಗುಣ) ಇರುವ ಫರ್ಮಿಯಾನ್‌ಗಳು ಅಷ್ಟು ಚಳಿಯಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆಯುವುದೇ ಇಲ್ಲ ಅನ್ನಬಹುದು, ಡಿಕ್ಕಿ ಇಲ್ಲದಿದ್ದರೆ ಉಳಿದವು ತಣ್ಣಗಾಗುವುದಿಲ್ಲ. ಅದಕ್ಕೇ ಎರಡು ಸ್ಪಿನ್‌ಗಳ ಮಿಶ್ರಣ ಬೇಕು. 1999ರಲ್ಲಿ ಅಮೆರಿಕದ ಬೌಲ್ಡರ್‌ನಲ್ಲಿ ಡೆಬೊರಾ ಜಿನ್ ಮತ್ತು ಬ್ರಯನ್ ಡಿಮಾರ್ಕೊ ಪೊಟ್ಯಾಸಿಯಂ-40ರಲ್ಲಿ ಇದನ್ನು ಮಾಡಿ ತೋರಿಸಿದರು.

ಮುಂದೆ ಕಾಂತಕ್ಷೇತ್ರದ ಬಲ ಹೊಂದಿಸಿ. ಲಿಥಿಯಂ-6ಕ್ಕೆ ಸುಮಾರು 832 ಗಾಸ್ ಹತ್ತಿರ ಸೆಳೆತ ತುಂಬಾ ಹೆಚ್ಚುತ್ತದೆ, ಎರಡು ಸ್ಪಿನ್‌ಗಳು ಜೋಡಿಯಾಗುತ್ತವೆ.

ಈಗ ಒಂದು ಸ್ಪಿನ್ ಬೇಕಂತಲೇ ಜಾಸ್ತಿ ಇಡಿ. ಎಲ್ಲರಿಗೂ ಜೊತೆ ಸಿಗುವುದಿಲ್ಲ ಅಲ್ವಾ? ಆಗ ಜೋಡಿಗಳು ಸುಮ್ನೆ ನಿಲ್ಲದೆ ಸ್ವಲ್ಪ ಆವೇಗ (ಮೊಮೆಂಟಮ್) ಇಟ್ಟುಕೊಂಡೇ ಇರುತ್ತವೆ ಎಂದು 1964ರಲ್ಲಿ ಫುಲ್ಡೆ–ಫೆರೆಲ್ ಮತ್ತು ಲಾರ್ಕಿನ್–ಒವ್ಚಿನ್ನಿಕೊವ್ ಬೇರೆಬೇರೆಯಾಗಿ ಲೆಕ್ಕ ಹಾಕಿದರು. ಈ ನಾಲ್ವರ ಹೆಸರಿನ ಮೊದಲಕ್ಷರ ಸೇರಿಸಿ ಎಫ್‌ಎಫ್‌ಎಲ್‌ಒ ಎನ್ನುವುದು ಈ ಸ್ಥಿತಿಯನ್ನೇ.

ಅದನ್ನು ನೋಡುವುದು ಹೇಗೆ? ಇದು ನನಗೆ ತುಂಬಾ ಇಷ್ಟದ ಭಾಗ. 671 ನ್ಯಾನೊಮೀಟರ್‌ನ ಕೆಂಪು ಲೇಸರ್ ಹಾಯಿಸಿ ಲಿಥಿಯಂ ಅನಿಲದ ನೆರಳಿನ ಫೋಟೊ ತೆಗೆಯುತ್ತಾರೆ. ಆದರೆ ರಾಜಾಸೀಟ್‌ನಲ್ಲಿ ನಿಂತು ಮಂಜು ನೋಡಿದ ಹಾಗೆ, ಎಲ್ಲಿ ದಟ್ಟ, ಎಲ್ಲಿ ತೆಳು ಅನ್ನುವುದಷ್ಟೇ ಗೊತ್ತಾಗುತ್ತದೆ. 2010ರಲ್ಲಿ ರೈಸ್ ವಿಶ್ವವಿದ್ಯಾಲಯದ ತಂಡ ಪರಮಾಣುಗಳನ್ನು ಹಿಡಿದಿಡುವ ಸಪೂರ ಕೊಳವೆಯಂಥ ಬಲೆಗಳಲ್ಲಿ ದಟ್ಟಣೆ ಅಳೆದಾಗ ಅದು ಲೆಕ್ಕಕ್ಕೆ ಚೆನ್ನಾಗಿ ಹೊಂದಿತು, ಆದರೆ ಜೋಡಿಗಳ ಆವೇಗ ಅದರಲ್ಲಿ ನೇರವಾಗಿ ಕಾಣಲಿಲ್ಲ. ದಟ್ಟಣೆ ಒಂದನ್ನೇ ನಂಬಿ ತೀರ್ಪು ಕೊಡಬಾರದು ಎನ್ನುವುದು ಅದಕ್ಕೇ.

ಆವೇಗ ಬೇಕಾದರೆ ಹೀಗೆ ಮಾಡಬೇಕು: ಕಾಂತಕ್ಷೇತ್ರವನ್ನು ಫಟ್ಟನೆ ಬದಲಿಸಿ ಜೋಡಿಗಳನ್ನು ಗಟ್ಟಿ ಅಣುಗಳಾಗಿಸಿ, ಬಲೆಯನ್ನು ಆಫ್ ಮಾಡಿ, ಅವು ಹರಡಿಕೊಳ್ಳಲು ಸ್ವಲ್ಪ ಹೊತ್ತು ಕೊಟ್ಟು ಫೋಟೊ ತೆಗೆಯಿರಿ. ಮಾಮೂಲಿ ಜೋಡಿಗಳಾದರೆ ಶಿಖರ, ಅಂದರೆ ಅಣುಗಳು ಅತಿ ಹೆಚ್ಚಿರುವ ಜಾಗ, ನಡುವೆ ಬರುತ್ತದೆ. ಎಫ್‌ಎಫ್‌ಎಲ್‌ಒ ಆಗಿದ್ದರೆ ನಡುವಿನಿಂದ ಪಕ್ಕಕ್ಕೆ ಸರಿದಿರಬೇಕು. ಒಂದು ಫೋಟೊಗೆ ಒಂದು ಅನಿಲ ಹಾಳು, ಹಾಗಾಗಿ ಮತ್ತೆ ಮೊದಲಿಂದ ತಣಿಸಿ, ಸ್ಪಿನ್‌ಗಳ ವ್ಯತ್ಯಾಸವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ಹೋಗಿ. ಶಿಖರವೂ ಅದರ ಜೊತೆಗೇ ಇನ್ನಷ್ಟು ದೂರ ಸರಿಯಬೇಕು. ಸರಿಯದಿದ್ದರೆ ನೀವು ನೋಡುತ್ತಿರುವುದು ಬೇರೇನೋ, ಮೊದಲು ಅನಿಲದ ತಾಪ ಪರೀಕ್ಷಿಸಿ.