ತ್ರಾಸಿನ ದಿನಗಳಲ್ಲಿ ಪ್ರಾರ್ಥನೆ ನಿಲ್ಲದಂತೆ ನೋಡಿಕೊಳ್ಳುವುದು ಹೇಗೆ

ಕಿಮ್ಸ್ ದವಾಖಾನೆಯ ವರಾಂಡದಲ್ಲಿ ಬಯಾಪ್ಸಿ ರಿಪೋರ್ಟಿಗೆ ಕಾಯುವವರಾಗಲಿ, ಮುಂಗಾರಿ ಕೈಕೊಟ್ಟ ಹಾವೇರಿ ಕಡೆಯ ಗೋವಿನಜೋಳದ ರೈತರಾಗಲಿ, ಪ್ರಾರ್ಥನೆ ಬಿಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಬಾಯಿಗೆ ಬರುವುದು ದೂರು ಮಾತ್ರ. ದೇವರ ಮುಂದೆ ದೂರಿದರೆ ಅವಿಶ್ವಾಸ ಎಂದು ಮಂದಿ ಹೆದರಿಸಿಟ್ಟಿರುತ್ತಾರೆ. ಆದರೆ ಬೈಬಲಿನ 150 ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಗೋಳಿನದೇ. ಆದ್ದರಿಂದ ದೂರಿನಿಂದಲೇ ಶುರು ಮಾಡಿ.

13ನೆಯ ಕೀರ್ತನೆ ತೆಗೆಯಿರಿ, ಆರೇ ವಚನ. ಮೊದಲೆರಡು ವಚನಗಳಲ್ಲಿ 'ಎಷ್ಟರವರೆಗೆ' ಎಂದು ನಾಲ್ಕು ಸಲ ಕೇಳುತ್ತದೆ. 3, 4ರಲ್ಲಿ ಬೇಡಿಕೆ. 5, 6ರಲ್ಲಿ ಭರವಸೆ. ಇದೇ ಕ್ರಮದಲ್ಲಿ ನಿಮ್ಮದನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಗ್ರಂಥದ ಭಾಷೆ ಬೇಡ, ಮನೆಯಲ್ಲಿ ಮಾತಾಡಿದಂತೆ ಇರಲಿ: "ಕರ್ತನೇ, ಇನ್ನೆಷ್ಟು ದಿನ ಈ ವರಾಂಡದಾಗ ಕೂಡಬೇಕು? ರಿಪೋರ್ಟ್ ನಾಳೆ ಅಂತಾರ, ನಾಳೆ ಹೋದ್ರ ನಾಡಿದ್ದು ಅಂತಾರ. ನಿದ್ದಿ ಬರವಲ್ದು. ಸೋಮವಾರ ಡಾಕ್ಟರು ಏನ್ ಹೇಳಿದ್ರೂ ಕೇಳಿಸ್ಕೊಳ್ಳೋ ಶಕ್ತಿ ಕೊಡು." ಬೇಡಿಕೆಯಲ್ಲಿ ದಿನ, ಹೆಸರು, ಕೆಲಸ ಇರಬೇಕು. 'ಎಲ್ಲಾ ಒಳ್ಳೇದು ಮಾಡಪ್ಪ' ಎಂದು ತೇಲಿಸಿದರೆ ಏನು ಕೇಳಿದೆವೆಂಬುದೇ ನೆನಪಿರುವುದಿಲ್ಲ.

ಹೆಚ್ಚಿನವರು ಎಡವುವುದು ಮೂರನೆಯ ಭಾಗದಲ್ಲಿ. ಮನಸ್ಸಿಗೆ ಬಾರದ ಸ್ತೋತ್ರವನ್ನು ಮೊದಲ ದಿನವೇ ಬಾಯಿಂದ ಎಳೆದು ತರುತ್ತಾರೆ; ವಾರದಲ್ಲಿ ಪ್ರಾರ್ಥನೆಯೇ ಸುಳ್ಳೆನಿಸಿ ಬಿಟ್ಟುಬಿಡುತ್ತಾರೆ. ಭರವಸೆಯ ಸಾಲು ಬಾರದಿದ್ದರೆ ಆ ಜಾಗ ಖಾಲಿ ಬಿಡಿ, ಅವತ್ತು 88ನೆಯ ಕೀರ್ತನೆ ಓದಿ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಬೈಬಲಿನೊಳಗೇ ಇದೆ. ಒಂದು ಮಾತೂ ಹೊರಡದ ದಿನಕ್ಕೆ ರೋಮಾಪುರದವರಿಗೆ ಬರೆದ ಪತ್ರಿಕೆಯ 8:26 ಇದೆ: ಏನು ಬೇಡಬೇಕೆಂದು ತಿಳಿಯದವರ ಪರವಾಗಿ ಪವಿತ್ರಾತ್ಮನೇ ನರಳುತ್ತಾ ಬೇಡುತ್ತಾನೆ.

ಹೊತ್ತು ಗೊತ್ತು ಮಾಡಿಕೊಳ್ಳಿ. ಬೆಳಿಗ್ಗೆ ಚಾ ಕುಡಿಯುವ ಮುಂಚೆ ಒಂದು ಕೀರ್ತನೆ, ರಾತ್ರಿ ಕರ್ತನು ಕಲಿಸಿದ ಪ್ರಾರ್ಥನೆ ('ಪರಲೋಕದಲ್ಲಿರುವ ನಮ್ಮ ತಂದೆಯೇ') ಗಟ್ಟಿಯಾಗಿ. ಐದೈದು ನಿಮಿಷ ಸಾಕು.

ವಾಗ್ದಾನದ ಕಾರ್ಡಿನ, ಅಂದರೆ ವರ್ಷಕ್ಕೊಂದು ಬೈಬಲ್ ವಚನ ಬರುವ ಚೀಟಿಯ ವಿಷಯದಲ್ಲಿ ಹುಷಾರು. ಹೊಸ ವರ್ಷದಲ್ಲಿ, ಒಳ್ಳೆಯ ನಾಳೆಯ ಭರವಸೆ ಕೊಡುವ ಯೆರೆಮೀಯ 29:11 ಬಂದರೆ 'ಈ ವರ್ಷವೇ ನೌಕರಿ' ಎಂದು ಲೆಕ್ಕ ಹಾಕುತ್ತಾರೆ. ಅದು ಬಾಬೆಲಿಗೆ (ಬ್ಯಾಬಿಲೋನ್) ಸೆರೆಹೋದವರಿಗೆ ಬರೆದ ಪತ್ರ. ಹಿಂದಿನ ವಚನದಲ್ಲೇ, ಮರಳಿ ಬರುವುದು 70 ವರ್ಷದ ಮೇಲೆ ಎಂದಿದೆ. ಡಿಸೆಂಬರಿನಲ್ಲಿ ಮುರಿಯುವುದು ವಾಗ್ದಾನವಲ್ಲ, ನಾವು ಹಾಕಿದ ಗಡುವು.

ಗುಳಿಗೆ ಬಿಡಬೇಡಿ. ಯಾಕೋಬ 5:14ರಂತೆ ಸಭೆಯ ಹಿರಿಯರನ್ನು ಕರೆದು ಎಣ್ಣೆ ಹಚ್ಚಿಸಿ ಪ್ರಾರ್ಥಿಸಿರಿ, ಚಿಕಿತ್ಸೆಯೂ ನಡೆಯಲಿ. 1837ರಲ್ಲಿ ಧಾರವಾಡಕ್ಕೆ ಬಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನವರು ಮುಂದೆ ಗದಗಿನ ಬೆಟಗೇರಿಯಲ್ಲಿ ಚರ್ಚಿನ ಜೊತೆ ದವಾಖಾನೆಯನ್ನೂ ಕಟ್ಟಿದರು. ಅವರಿಗೆ ಇವೆರಡರ ನಡುವೆ ಜಗಳ ಕಾಣಲಿಲ್ಲ. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಗುಳಿಗೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಉಪವಾಸ ಪ್ರಾರ್ಥನೆಗೆ ಕೂಡ್ರಬಾರದು. ಕೂಟದ ನಡುವೆ ಅವರಿಗೆ ಬೆವರು, ನಡುಕ ಬಂದರೆ ಆತ್ಮನ ಸ್ಪರ್ಶ ಎಂದುಕೊಳ್ಳಬೇಡಿ, ರಕ್ತದಲ್ಲಿ ಸಕ್ಕರೆ ಇಳಿದಿರಬಹುದು. ಎಚ್ಚರವಿದ್ದರೆ ಮೂರು ಚಿಕ್ಕ ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ದವಾಖಾನೆಗೆ ಒಯ್ಯಿರಿ. ಹೊಲದ ಮಾತೂ ಹೀಗೆಯೇ. ಫಸಲ್ ಬಿಮಾ (ಬೆಳೆ ವಿಮೆ) ಮಾಡಿಸಿದವರು ಆಲಿಕಲ್ಲಿಗೆ ಪೀಕು ಹೋದರೆ 72 ತಾಸಿನೊಳಗೆ ತಿಳಿಸಬೇಕು. ಮೂರು ದಿನದ ಉಪವಾಸ ಮುಗಿಸಿ ಎದ್ದರೆ ಗಡುವೂ ಮುಗಿದಿರುತ್ತದೆ. ಮೊದಲು ಫೋನು, ಆಮೇಲೆ ಪ್ರಾರ್ಥನೆ.

ನೋಡಲು ಬರುವವರಿಗೂ ಒಂದು ಮಾತು. ಬೈಬಲಿನಲ್ಲಿ ಎಲ್ಲ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ಸುಮ್ಮನೆ ಕೂತಷ್ಟು ಹೊತ್ತು ಚೆನ್ನಾಗಿಯೇ ಇದ್ದರು. ಬಾಯಿ ತೆರೆದು ಪಾಪದ ಲೆಕ್ಕ ಹಾಕಿದ ಮೇಲೆ ದೇವರು ಸಿಟ್ಟಾದದ್ದು ಅವರ ಮೇಲೆಯೇ (ಯೋಬ 42:7). ಹುಟ್ಟುಕುರುಡನ ವಿಷಯದಲ್ಲಿ 'ಯಾರ ಪಾಪ?' ಎಂದ ಶಿಷ್ಯರಿಗೆ ಯೇಸು, ಇವನದೂ ಅಲ್ಲ, ತಂದೆತಾಯಿಗಳದೂ ಅಲ್ಲ ಎಂದ. ರೊಟ್ಟಿ ಬುತ್ತಿ ಒಯ್ಯಿರಿ. ಒಂದು ರಾತ್ರಿ ನೀವು ರೋಗಿಯ ಹತ್ತಿರ ಇದ್ದು ಮನೆಯವರನ್ನು ಮಲಗಲು ಕಳಿಸಿ. ಪ್ರಾರ್ಥನೆ ಎರಡು ನಿಮಿಷ, ಮೆಲ್ಲಗೆ. ಪಕ್ಕದ ಹಾಸಿಗೆಯವರೂ ರೋಗಿಗಳೇ. ಚರ್ಚಿಗೆ ಬರಲಾಗದವರಿಗೆ ಮನೆಗೇ ಬಂದು ಪವಿತ್ರ ಭೋಜನ ಕೊಡುವಂತೆ ಸಭಾಪಾಲಕರಿಗೆ ಹೇಳಿ. ಹೇಳದಿದ್ದರೆ ಎಷ್ಟೋ ಸಲ ಅವರಿಗೆ ಗೊತ್ತೇ ಇರುವುದಿಲ್ಲ.

ಎರಡು ವಾರ ನಿದ್ದೆ, ಊಟ ಸೇರದೆ, ಯಾವುದರಲ್ಲೂ ಮನಸ್ಸಿಲ್ಲದೆ ಇದ್ದರೆ ಡಾಕ್ಟರಿಗೆ ತೋರಿಸಿ. ಸಾಯಬೇಕೆನಿಸಿದರೆ ಒಂದು ದಿನವೂ ಕಾಯಬೇಡಿ. ಪ್ರವಾದಿ ಎಲೀಯನೂ ಸಾವು ಬೇಡಿಕೊಂಡವನೇ (1 ಅರಸುಗಳು 19). ದೂತನು ಅವನಿಗೆ ಉಪದೇಶ ಮಾಡಲಿಲ್ಲ; ಎರಡು ಸಲ ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಪುಕ್ಕಟೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.