ಕೆಂಪು ರಕ್ತಕಣಗಳ ಸಂಶೋಧನೆಗೆ ಇಳಿಯುವವರು ಎಲ್ಲಿಂದ ಆರಂಭಿಸಬೇಕು

ಕೆಂಪು ರಕ್ತಕಣಗಳನ್ನೂ ರಕ್ತದ ಗುಂಪುಗಳನ್ನೂ ಜೀವಮಾನದ ಅಧ್ಯಯನವಾಗಿಸಿಕೊಳ್ಳಬೇಕೆಂದಿರುವವರು ಜೀವರಸಾಯನಶಾಸ್ತ್ರ ಅಥವಾ ತಳಿವಿಜ್ಞಾನದ ಓದಿನ ಜೊತೆಗೆ ರಕ್ತನಿಧಿಯ ಪ್ರಯೋಗಾಲಯದಲ್ಲಿ ಕೆಲವು ತಿಂಗಳಾದರೂ ಕೈಯಾರೆ ಕೆಲಸ ಮಾಡಬೇಕು. ಈ ಕ್ಷೇತ್ರದ ಒಳ್ಳೆಯ ಪ್ರಶ್ನೆಗಳು ಹೊಂದಾಣಿಕೆಯಾಗದ ಯಾವುದೋ ಒಂದು ಮಾದರಿಯಿಂದಲೇ ಹುಟ್ಟುತ್ತವೆ. 1952ರಲ್ಲಿ ಭೆಂಡೆ ಮತ್ತು ಸಂಗಡಿಗರು ವರದಿ ಮಾಡಿದ ಬಾಂಬೆ ಗುಂಪು ಹಾಗೆ ಸಿಕ್ಕಿದ್ದೇ: ಓ ಗುಂಪಿನ ರಕ್ತವೂ ಹೊಂದದ ಆ ವ್ಯಕ್ತಿಗಳ ಕಣಗಳಲ್ಲಿ ಓ ಗುಂಪಿನವರಲ್ಲೂ ಇರುವ ಎಚ್ ಪ್ರತಿಜನಕವೇ (ಪ್ರತಿಜನಕವೆಂದರೆ ಕಣದ ಮೇಲ್ಮೈಯಲ್ಲಿದ್ದು ಪ್ರತಿಕಾಯಗಳು ಗುರುತಿಸುವ ಅಣು) ಇರಲಿಲ್ಲ.

ಮೊದಲು ಕಲಿಯಬೇಕಾದದ್ದು ಕಣಗಳನ್ನು ತೊಳೆಯುವುದು. ಇದು ಸಣ್ಣ ಕೆಲಸವೆಂದು ಯಾರೂ ಭಾವಿಸಬಾರದು. ಕೂಂಬ್ಸ್, ಮೌರಂಟ್ ಮತ್ತು ರೇಸ್ 1945ರಲ್ಲಿ ಪ್ರಕಟಿಸಿದ, ಕಣಗಳಿಗೆ ಅಂಟಿದ ಪ್ರತಿಕಾಯಗಳನ್ನು ಪತ್ತೆಹಚ್ಚುವ ಆಂಟಿಗ್ಲೋಬ್ಯುಲಿನ್ ಪರೀಕ್ಷೆಯನ್ನು ಕೊಳವೆಯಲ್ಲಿ ಮಾಡುವಾಗ ಕಣಗಳನ್ನು ಲವಣದ್ರಾವಣದಲ್ಲಿ ಮೂರು-ನಾಲ್ಕು ಬಾರಿ ತೊಳೆದು, ಪ್ರತಿ ಸಲವೂ ಮೇಲಿನ ತಿಳಿಯನ್ನು ಪೂರ್ತಿಯಾಗಿ ಬಸಿಯಬೇಕು. ಕಣಕ್ಕೆ ಅಂಟದ ಪ್ರತಿಕಾಯಗಳು ತುಸು ಉಳಿದರೂ ಅವು ಪ್ರತಿಕಾಯ ಅಂಟಿದ ಕಣಗಳನ್ನು ಗಂಟುಕಟ್ಟಿಸಬೇಕಾದ ಆಂಟಿಗ್ಲೋಬ್ಯುಲಿನ್ ಕಾರಕವನ್ನು ನಿಷ್ಫಲಗೊಳಿಸಿ, ಇರುವ ಪ್ರತಿಕ್ರಿಯೆಯನ್ನು ಇಲ್ಲವೆಂದು ತೋರಿಸುತ್ತವೆ. ಆದ್ದರಿಂದ ಫಲಿತಾಂಶ ಋಣಾತ್ಮಕವಾದಾಗ ಪ್ರತಿಕಾಯ ಲೇಪಿತ ನಿಯಂತ್ರಣ ಕಣಗಳನ್ನು ಸೇರಿಸಿ ನೋಡಬೇಕು, ಅವು ಗಂಟುಕಟ್ಟದಿದ್ದರೆ ಪರೀಕ್ಷೆಯನ್ನೇ ಮತ್ತೆ ಮಾಡಬೇಕು. ಕೊಳವೆಯನ್ನು ಕುಲುಕದೆ ಮೆಲ್ಲನೆ ಓರೆಮಾಡಿ, ತಳದ ಕೆಂಪು ಗುಂಡಿ ಹೊಗೆಯಂತೆ ಕರಗುತ್ತದೆಯೋ (ಋಣಾತ್ಮಕ) ಚೂರುಚೂರಾಗಿ ಒಡೆಯುತ್ತದೆಯೋ (ಧನಾತ್ಮಕ) ಎಂದು ಗಮನಿಸಬೇಕು. ಜೋರಾಗಿ ಕುಲುಕಿದರೆ ದುರ್ಬಲ ಗಂಟುಗಳು ಚದುರಿಬಿಡುತ್ತವೆ.

ಜೀನ್ ಅನುಕ್ರಮಣೆಯನ್ನು ಆನಂತರ ಕಲಿಯಬಹುದು. ಸಂಶೋಧನೆಯ ವಿಷಯವನ್ನು ಆರಿಸುವಾಗ ಪ್ರತಿಜನಕದ ಪಟ್ಟಿಗೆ ಇನ್ನೊಂದನ್ನು ಸೇರಿಸುವುದಕ್ಕಿಂತ, ಅದು ಕಣದ ಪೊರೆಯಲ್ಲಿ ಏನು ಮಾಡುತ್ತಿದೆ ಎಂದು ಕೇಳುವುದು ಹೆಚ್ಚು ಫಲಪ್ರದವೆಂಬುದು ನನ್ನ ದೃಢ ಅಭಿಪ್ರಾಯ. ಡಫಿ ರಕ್ತಗುಂಪಿನ ಪ್ರತಿಜನಕಗಳನ್ನು ಹೊತ್ತ ಪೊರೆಯ ಪ್ರೋಟೀನು ವೈವಾಕ್ಸ್ ಮಲೇರಿಯಾ ಪರಾವಲಂಬಿಗೆ ಕಣದೊಳಗೆ ದಾರಿಯಾಗುತ್ತದೆ ಎಂಬುದು ಅಂಥ ಪ್ರಶ್ನೆಗೆ ದೊರೆತ ಉತ್ತರ. ಅಪರೂಪದ ಮಾದರಿ ಸಿಕ್ಕರೆ ಒಪ್ಪಿಗೆ ಪಡೆದು, ಅಂದೇ, ಶೀತದಲ್ಲಿ ಕಣಗಳು ಒಡೆಯದಂತೆ ಕಾಯುವ ಗ್ಲಿಸರಾಲ್‌ನಲ್ಲಿ ಶೀತಲೀಕರಿಸಿಡಬೇಕು.